“ಸರ್ಪದಂಶ” ಅಂದ್ರೆ ಇಲ್ಲ ಅಂತಾರೆ, “ಹುಳ ಮುಟ್ಟಿತ್ತಾ” ಅಂದ್ರೆ ಕೂತ್ಕೋ ಅಂತಾರೆ: ಸರ್ವೆ ಮಧ್ಯದಲ್ಲಿ ಫಾರಂ ಬದಲಾಯಿಸಬಹುದಾ?

ಕೇಳಿದವರು: ನಾಲೆಬಯಲಿನ ನರ್ಸ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ನಾನು ಬಿಎಸ್ಸಿ ನರ್ಸಿಂಗ್ ಮುಗಿಸಿ ಮಳವಳ್ಳಿ ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅಂದ್ರೆ ಸಿಎಚ್‌ಒ ಆಗಿದ್ದೀನಿ. ಜೊತೆಗೆ ಮೈಸೂರಲ್ಲಿ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಕಟ್ಟಿದ್ದೀನಿ. ಪ್ರಾಜೆಕ್ಟ್ ಆರಿಸ್ಕೊಳ್ಳಿ ಅಂದಾಗ ನನ್ನ ಜೊತೆಯವರೆಲ್ಲ ಶುಗರು, ಬಿಪಿ ತಗೊಂಡ್ರು. ಬುದ್ಧಿವಂತರು. ಅದಕ್ಕೆ ಫಾರಂ ರೆಡಿ ಸಿಗುತ್ತೆ, ಜನ ತಾವೇ ಬಂದು ತೋಳು ಚಾಚ್ತಾರೆ. ನಾನು ಹಾವು ಕಡಿತ ತಗೊಂಡೆ. ಗೈಡ್ “ಇದ್ಯಾಕಮ್ಮ” ಅಂದ್ರು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನ ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ ಸರ್, 2030ರ ಹೊತ್ತಿಗೆ ಸಾವು, ಅಂಗವೈಕಲ್ಯ ಅರ್ಧಕ್ಕೆ ಇಳಿಸ್ಬೇಕು ಅಂತಿದೆ ಸರ್ ಅಂತ ಓದಿದ್ದನ್ನ ಒಪ್ಪಿಸಿದೆ. ತಲೆ ಆಡಿಸಿದ್ರು.

ನಿಜವಾದ ಕಾರಣ ಬೇರೆ. ಕೆಲಸಕ್ಕೆ ಸೇರಿ ತಿಂಗಳು ತುಂಬಿರಲಿಲ್ಲ, ಆಷಾಢದ ಒಂದು ಬೆಳಿಗ್ಗೆ ಹತ್ತು ವರ್ಷದ ಹುಡುಗನ್ನ ಕರ್ಕೊಂಡು ಬಂದ್ರು. ರಾತ್ರಿಯಿಂದ ಹೊಟ್ಟೆನೋವು. ಗ್ಯಾಸ್ ಅಂದ್ಕೊಂಡು ಮಾತ್ರೆ ಕೊಟ್ಟೆ. ಅವರಮ್ಮ “ನಿದ್ದೆಗೆಟ್ಟವ್ನೆ ಕಣವ್ವ, ರೆಪ್ಪೆ ಎತ್ತಕ್ಕಾಯ್ತಿಲ್ಲ” ಅಂದ್ರು. ಬೆಳಕಿಗೆ ಮುಖ ತಿರುಗಿಸಿ ನೋಡ್ದೆ. ಎರಡೂ ರೆಪ್ಪೆ ಅರ್ಧಕ್ಕೆ ಇಳಿದಿತ್ತು, ನನ್ನನ್ನ ನೋಡೋಕೆ ಗಲ್ಲ ಮೇಲೆತ್ತಿ ಮೂಗಿನ ತುದಿಯಿಂದ ನೋಡ್ತಿದ್ದ. ನಿದ್ದೆಗಣ್ಣಿನ ಮಗು ಹಾಗೆ ನೋಡಲ್ಲ. ನೆಲದ ಮೇಲೆ ಮಲಗಿದ್ನಾ ಅಂತ ಕೇಳಿದ ಮೇಲೆ ನನ್ನ ಕೈ ನಡುಗೋಕೆ ಶುರುವಾಯ್ತು. ಕಟ್ಟುಹಾವು. ರಾತ್ರಿ ನೆಲದ ಮೇಲೆ ಮಲಗಿದೋರಿಗೆ ಕಚ್ಚೋ ಹಾವು ಅದು, ವಿಷಕ್ಕೆ ರೆಪ್ಪೆ ಜೋತುಬೀಳುತ್ತೆ. ಕಚ್ಚಿದ ಗುರುತೂ ಇಲ್ಲ, ಊತನೂ ಇಲ್ಲ. 108ರಲ್ಲಿ ಕಳಿಸಿದ್ವಿ, ವೆಂಟಿಲೇಟರ್ ಮೇಲಿದ್ದು ಉಳ್ಕೊಂಡ. ಈಗ ದಾರೀಲಿ ಸಿಕ್ಕಿದ್ರೆ “ಗ್ಯಾಸ್ ಮಿಸ್ಸು” ಅಂತ ಕೂಗ್ತಾನೆ.

ಸರಿ, ಪ್ರಶ್ನೆಗೆ ಬರ್ತೀನಿ. ಇಂಗ್ಲಿಷಲ್ಲಿದ್ದ ಫಾರಂನ ಯಾರೋ ದುಡ್ಡಿಗೆ ಕನ್ನಡ ಮಾಡಿಕೊಟ್ಟಿದ್ದಾರೆ. ಮನೆಗೆ ಎಂಟು ಹಾಳೆ. ಗ್ರಾಂಟ್ ಅಂತ ಒಂದು ರೂಪಾಯಿ ಇಲ್ಲ, ಎಲ್ಲ ನನ್ನ ಪರ್ಸಿಂದ. ಜೆರಾಕ್ಸ್ ಅಂಗಡಿಯವನು “ಎಲೆಕ್ಷನ್‌ಗೆ ನಿಂತಿದ್ದೀರಾ ಮೇಡಂ” ಅಂತಾನೆ. ಮೊದಲನೇ ಪ್ರಶ್ನೆ ಹೀಗಿದೆ: “ಕಳೆದ ಹನ್ನೆರಡು ತಿಂಗಳ ಅವಧಿಯಲ್ಲಿ ತಮ್ಮ ಕುಟುಂಬದ ಯಾವುದೇ ಸದಸ್ಯರು ಸರ್ಪದಂಶಕ್ಕೆ ಒಳಗಾಗಿರುತ್ತಾರೆಯೇ?” ಇಲ್ಲ ಅಂದ್ರೆ ಉಳಿದ ಏಳು ಹಾಳೆ ಬಿಟ್ಟು ಮುಂದಿನ ಮನೆ.

ಮೂರು ಭಾನುವಾರ, 64 ಮನೆ. ಒಂದು “ಹೌದು”.

ಮೂರನೇ ಭಾನುವಾರ ಸಾಯಂಕಾಲ ಒಂದು ಮನೇಲಿ ಮಗ “ಇಲ್ಲ” ಅಂದ, ಬರ್ಕೊಂಡೆ. ಆಚೆ ಜಗಲಿ ಮೇಲೆ ಅವರವ್ವ ಅವರೆಕಾಯಿ ಬಿಡಿಸ್ತಾ ಕೂತಿದ್ರು. ಕಾಲು ನೋಯ್ತಿತ್ತು, ಕೂತು ನಾನೂ ನಾಲ್ಕು ಕಾಯಿ ಬಿಡಿಸ್ದೆ. “ಏನ್ ಬರ್ಕೊಂಡು ಓಡಾಡ್ತಿದ್ದೀಯವ್ವ” ಅಂದ್ರು. ಹಾವು ಕಚ್ಚಿರೋರ ಲೆಕ್ಕ ಅಂದೆ. ತಟ್ಟನೆ ಬಾಯಿ ಮೇಲೆ ಕೈ ಇಟ್ಕೊಂಡು “ಸಂದೆ ಒತ್ನಲ್ಲಿ ಅದರ ಹೆಸರು ಎತ್ತಬೌದಾ? ಹುಳ ಅನ್ನು. ಹುಳ ಮುಟ್ಟಿದ್ದು ಅನ್ನು” ಅಂದ್ರು. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ, “ನಮ್ಮ ಸೊಸೆಗೆ ಮುಟ್ಟಿತ್ತಲ್ಲ, ಬತ್ತ ಕುಯ್ವಾಗ. ಸುಬ್ಬಪ್ಪನಿಗೆ ಹೇಳ್ಕೊಂಡಿದ್ವು, ಷಷ್ಠೀಲಿ ಹುತ್ತಕ್ಕೆ ತನಿ ಎರ್ದು ಬಂದ್ವು” ಅಂದ್ರು.

ಇಪ್ಪತ್ತು ನಿಮಿಷದ ಹಿಂದೆ ಅದೇ ಮನೇಲಿ ನಾನು “ಇಲ್ಲ”ಕ್ಕೆ ಟಿಕ್ ಹಾಕಿದ್ದೆ.

ಆಮೇಲೆ ತಡ್ಕೊಳ್ಳೋಕೆ ಆಗದೆ ಮುಂದಿನ ಒಂಬತ್ತು ಮನೇಲಿ ಬಾಯಿಮಾತಲ್ಲಿ “ಹುಳ ಗಿಳ ಮುಟ್ಟಿತ್ತಾ” ಅಂತ ಕೇಳ್ಬಿಟ್ಟೆ. ನಾಲ್ಕು ಮನೇಲಿ ಕೂತ್ಕೋ ಅಂದ್ರು, ಕತೆ ಹೇಳಿದ್ರು. ಗೈಡ್‌ಗೆ ಫೋನ್ ಮಾಡಿದ್ರೆ “ಅದು ವ್ಯಾಲಿಡೇಟೆಡ್ ಫಾರಂ, ಒಂದಕ್ಷರ ಮುಟ್ಟಬೇಡಿ” ಅಂದ್ರು. ಈಗ ನನ್ನ 64 ಮನೆ ಕಸನಾ? ಮಧ್ಯದಲ್ಲಿ ಪ್ರಶ್ನೆ ಬದಲಾಯಿಸಿದ್ರೆ ಎಲ್ಲಾ ಕೆಟ್ಟೋಗುತ್ತಾ? ಇಂಥ ಸರ್ವೆ ಮಾಡಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಉತ್ತರ: ಹಳೇ ಹೆಲ್ತ್ ಇನ್ಸ್‌ಪೆಕ್ಟರ್

ತಾಯಿ, ನೀವೇನೂ ಕೆಡಿಸಿಲ್ಲ. ಫಾರಂ ಕೆಟ್ಟಿತ್ತು, ನಿಮಗೆ ಗೊತ್ತಾಯ್ತು ಅಷ್ಟೆ. ಎಷ್ಟೋ ಜನಕ್ಕೆ ಗೊತ್ತಾಗೋದೇ ಇಲ್ಲ, ಪುಸ್ತಕ ಅಚ್ಚಾಗಿ ಹೋಗುತ್ತೆ.

ನಾನು ಮಂಡ್ಯದೋನೇ, ಆದ್ರೆ ಮೊದಲ ಪೋಸ್ಟಿಂಗು ಕಲಬುರಗಿ ಕಡೆ, ಫೈಲೇರಿಯಾ ಕೆಲಸ. ಆನೆಕಾಲು. ಅದರ ಮರಿಹುಳ ಹಗಲೆಲ್ಲ ಶ್ವಾಸಕೋಶದ ನಾಳದಲ್ಲಿ ಅಡಗಿದ್ದು ರಾತ್ರಿ ರಕ್ತಕ್ಕೆ ಇಳಿಯುತ್ತೆ, ಸೊಳ್ಳೆ ಕಚ್ಚೋ ಹೊತ್ತಿಗೆ ಸರಿಯಾಗಿ. ಹತ್ತು ಗಂಟೆಯಿಂದ ಎರಡು ಗಂಟೆ ಒಳಗೆ ಬೆರಳು ಚುಚ್ಚಿ ರಕ್ತ ತೆಗೆದ್ರೆ ಸ್ಲೈಡಲ್ಲಿ ಕಾಣುತ್ತೆ. ಮಲಗಿರೋರನ್ನ ಎಬ್ಬಿಸಬೇಕು, ನಾಯಿ ಅಟ್ಟಿಸ್ಕೊಂಡು ಬರ್ತವೆ, ರಕ್ತ ಮಾರ್ಕೊಳ್ಳೋಕೆ ಬಂದವ್ರೆ ಅಂತ ಹೆಂಗಸರು ಬಾಗಿಲು ಹಾಕ್ಕೋತಾರೆ. ಒಂದ್ಸಲ ಜೀಪಿನ ಡ್ರೈವರ್‌ಗೆ ಮನೇಲಿ ಏನೋ ಕಾರ್ಯ, ಬೇಗ ಹೋಗ್ಬೇಕು ಅಂದ. ಸಾಯಂಕಾಲ ಆರಕ್ಕೇ ಶುರು ಮಾಡಿ ಎಂಟಕ್ಕೆ ಮುಗಿಸಿದ್ವಿ. ಸ್ಲೈಡೆಲ್ಲ ಕ್ಲೀನು. ಒಂದು ಹುಳ ಇಲ್ಲ. ಮೇಲಿನೋರಿಗೆ ಬಲು ಖುಷಿ, ಈ ಊರು ಚೆನ್ನಾಗಿದೆ ಅಂದ್ರು. ಊರಲ್ಲಿ ನೋಡಿದ್ರೆ ಜಗಲಿಗೊಬ್ಬ ಕಾಲು ಊದಿದೋನು ಕೂತಿದ್ದ. ನಾವು ಹುಳಕ್ಕೆ ಒಪ್ಪೋ ಹೊತ್ತಲ್ಲಿ ಹೋಗಿರಲಿಲ್ಲ, ನಮಗೆ ಒಪ್ಪೋ ಹೊತ್ತಲ್ಲಿ ಹೋಗಿದ್ವಿ. ನಿಮ್ಮ 64 ಮನೆ ಓದಿದಾಗ ಆ ಸ್ಲೈಡು ನೆನಪಾಯ್ತು.

ಆಮೇಲೆ ಕುಷ್ಠ ಸರ್ವೆ. “ಮನೇಲಿ ಕುಷ್ಠ ಇದೆಯಾ” ಅಂದ್ರೆ ಪೊರಕೆ ತಗೋತಿದ್ರು. ನಮ್ಮ ಹಿರಿಯರೊಬ್ಬರು ಕಲಿಸಿದ್ರು: ಹೆಸರು ಎತ್ತಲೇಬೇಡ. “ಒಲೆ ಹತ್ರ ಕೈ ಸುಟ್ಟಿದ್ದು ಗೊತ್ತಾಗದೆ ಹೋಯ್ತಾ, ನಡೀವಾಗ ಚಪ್ಪಲಿ ಕಳಚಿದ್ದು ಗೊತ್ತಾಗಲ್ವಾ” ಅಂತ ಕೇಳು. ಹೌದು ಅಂದೋರ ಮಚ್ಚೆ ಮೇಲೆ ಹತ್ತಿ ಎಳೆ ಆಡಿಸು, ಕಣ್ಣು ಮುಚ್ಚಿಸಿ ಎಲ್ಲಿ ಮುಟ್ದೆ ಅಂತ ಬೆರಳಲ್ಲಿ ತೋರಿಸೋಕೆ ಹೇಳು. 2005ರ ಡಿಸೆಂಬರಲ್ಲಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಆಯ್ತು ಅಂತ ದೇಶ ಘೋಷಣೆ ಮಾಡ್ತು. ಒಳ್ಳೇದೇ. ಆದ್ರೆ ಅಲ್ಲಿಂದಾಚೆ ಹತ್ತಿ ಎಳೆ ಹಿಡಿಯೋ ಕೈ ಕಮ್ಮಿ ಆದ್ವು, ಅದು ನನ್ನ ಹೊಟ್ಟೆಯುರಿ.

ನಿಮಗೆ ಕೆಲವು ಮಾತು. “ಹನ್ನೆರಡು ತಿಂಗಳು” ಅನ್ನೋದು ಯಾರ ತಲೇಲೂ ಕೂರಲ್ಲ. ಹೋದ ಸಂಕ್ರಾಂತಿಯಿಂದ ಈ ಸಂಕ್ರಾಂತಿ ಅನ್ನಿ. ಒಳಗೆ ಗೌರಿ ಹಬ್ಬ, ನಾಟಿ, ಕುಯ್ಲು, ನಾಲೆಗೆ ನೀರು ಬಿಟ್ಟಿದ್ದು, ಇವನ್ನ ಗೂಟ ಹೊಡೆದಂಗೆ ಹೊಡೀರಿ. ಗಂಡಸರನ್ನ ಒಬ್ಬರನ್ನೇ ಕೇಳಬೇಡಿ, ಮನೆಗೆ ಏನಾಯ್ತು ಅನ್ನೋದು ಅಡುಗೆಮನೇಲಿ ಇರುತ್ತೆ. ಹೊತ್ತು ಮುಳುಗಿದ ಮೇಲೆ ಕೇಳೋಕೆ ಹೋಗಬೇಡಿ, ಆ ಅವ್ವ ಹೇಳಿದ್ದು ಬರೀ ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ, ಅವರ ಜೊತೆ ಮಾತಾಡ್ಬೇಕು ಅಂದ್ರೆ ಅವರ ಹೊತ್ತಲ್ಲೇ ಮಾತಾಡ್ಬೇಕು. ಇನ್ನೊಂದು, ಇದನ್ನ ನನಗೆ ಯಾವ ಟ್ರೈನಿಂಗಲ್ಲೂ ಹೇಳಿಕೊಟ್ಟಿರಲಿಲ್ಲ: “ಈ ವರ್ಷ ಯಾರಾದ್ರೂ ಸುಬ್ಬಪ್ಪನಿಗೆ ಹೊಸದಾಗಿ ಹರಕೆ ಹೊತ್ರಾ” ಅಂತ ಕೇಳಿ. ಹರಕೆ ಲೆಕ್ಕ ಜನ ಮರೆಯಲ್ಲ. ಮೈಸೂರು ಹತ್ರದ ಸಿದ್ದಲಿಂಗಪುರದ ಸುಬ್ರಹ್ಮಣ್ಯ ಗುಡಿಯ ಷಷ್ಠಿಗೆ ಹಾಲು ಹಿಡ್ಕೊಂಡು ಹೋಗೋರಲ್ಲಿ ಎಷ್ಟೋ ಜನ ಯಾವ ಆಸ್ಪತ್ರೆ ಬುಕ್ಕಲ್ಲೂ ಇರಲ್ಲ.

ಕಬ್ಬು ಕಡಿಯೋಕೆ ಬೇರೆ ಊರಿಂದ ಬಂದು ಗುಡಿಸಲು ಹಾಕ್ಕೊಂಡಿರೋರನ್ನ ಮರೀಬೇಡಿ. ಅವರಿಗೆ ಮನೆ ನಂಬರ್ ಇಲ್ಲ, ನಿಮ್ಮ ಪಟ್ಟೀಲಿ ಇರಲ್ಲ. ತರಗಲ್ಲಿ ಕೈ ಹಾಕೋರು ಅವರೇ.

ಉತ್ತರ: ಲೆಕ್ಕದ ಮೇಷ್ಟ್ರು

ಇನ್ಸ್‌ಪೆಕ್ಟರ್ ಸಾಹೇಬ್ರ ಮಾತಿಗೆ ಎರಡು ಮಾತಿಲ್ಲ. ನಾನು ಒಣ ವಿಷಯ ಹೇಳ್ತೀನಿ.

ಮೊದಲು, ಆ ಒಂಬತ್ತು ಮನೆ. ಅನುಮತಿ ಪಡೆದ ಫಾರಂ ಬಿಟ್ಟು ಬೇರೆ ಪ್ರಶ್ನೆ ಕೇಳಿದ್ದೀರಿ. ಕುತೂಹಲ ಅರ್ಥವಾಗುತ್ತೆ, ಆದ್ರೆ ಆ ನಾಲ್ಕು ಕತೆಗಳನ್ನ ಈಗಲೇ ಎಣಿಕೆಗೆ ಸೇರಿಸಬೇಡಿ. ಕೆಲಸ ನಿಲ್ಲಿಸಿ. ಎಥಿಕ್ಸ್ ಕಮಿಟಿಗೆ (ಸಂಶೋಧನೆಗೆ ಅನುಮತಿ ಕೊಡೋ ಸಮಿತಿ) ತಿದ್ದುಪಡಿ ಅರ್ಜಿ ಹಾಕಿ: ಭಾಷಾಂತರ ಜನಕ್ಕೆ ಅರ್ಥ ಆಗ್ತಿಲ್ಲ, ಇದು ಸಾಕ್ಷಿ, ಇದು ಹೊಸ ಪ್ರಶ್ನೆ ಅಂತ. ಹೊಸ ಕನ್ನಡವನ್ನ ಮೂಲ ಫಾರಂ ನೋಡಿರದ ಒಬ್ಬರ ಕೈಲಿ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಅರ್ಥ ಉಳಿದಿದೆಯಾ ನೋಡಿ. ಗೈಡ್ “ವ್ಯಾಲಿಡೇಟೆಡ್” ಅಂದ್ರೆ ಯಾವ ಭಾಷೇಲಿ, ಯಾವ ಊರಲ್ಲಿ ಅಂತ ಮರ್ಯಾದೆಯಿಂದ ಕೇಳಿ. ಇಂಗ್ಲಿಷಲ್ಲಿ ಪರೀಕ್ಷೆ ಪಾಸಾದ ಪ್ರಶ್ನೆ ಕನ್ನಡದಲ್ಲಿ ತಾನಾಗೇ ಪಾಸಾಗಲ್ಲ.

64 ಮನೆ ಎಸೀಬೇಡಿ. ಅದೇ ಮನೆಗಳಿಗೆ ಹೊಸ ಫಾರಂ ಹಿಡಿದು ವಾಪಸ್ ಹೋಗಿ. ಹಳೇ ಉತ್ತರ, ಹೊಸ ಉತ್ತರ ಎರಡನ್ನೂ ಪಕ್ಕಪಕ್ಕ ಇಟ್ಟು ವರದಿ ಮಾಡಿ. ನನ್ನ ಕೇಳಿದ್ರೆ ನಿಮ್ಮ ಪ್ರಾಜೆಕ್ಟಿನ ಅತ್ಯಂತ ಬೆಲೆಬಾಳೋ ಪುಟ ಅದೇ ಆಗುತ್ತೆ.

ಇನ್ನು “ಸೊನ್ನೆ” ವಿಷಯ. ಎಷ್ಟೋ ಥೀಸಿಸಲ್ಲಿ ಒಂದೂ ಕೇಸ್ ಸಿಗಲಿಲ್ಲ, ಆದ್ದರಿಂದ ಸಮಸ್ಯೆ ಇಲ್ಲ ಅಂತ ಬರೀತಾರೆ. ಅಂದಾಜಿಗೆ ಒಂದು ಸುಲಭ ಸೂತ್ರ ಇದೆ: n ಜನರಲ್ಲಿ ಒಂದೂ ಕಾಣದಿದ್ರೂ ನಿಜವಾದ ಪ್ರಮಾಣ 3/n ತನಕ ಇರಬಹುದು, 95% ಭರವಸೆಯಲ್ಲಿ. 64 ಮನೆ ಅಂದ್ರೆ ಸುಮಾರು 250 ಜನ ಅಂದ್ಕೊಳ್ಳಿ. 3 ಭಾಗಿಸು 250, ಅಂದ್ರೆ 1.2%. ಲಕ್ಷಕ್ಕೆ 1,200. ಒಂದೂ ಸಿಗದೆ ಬಂದಿದ್ರೂ ಲಕ್ಷಕ್ಕೆ 1,200 ಇರೋ ಸಾಧ್ಯತೆ ತಳ್ಳಿಹಾಕೋಕಾಗಲ್ಲ. ಹಾಗಾಗಿ ನಿಮ್ಮ ಹಾಗೆ ಒಬ್ಬರೇ ಭಾನುವಾರ ಭಾನುವಾರ ಮಾಡೋ ಸರ್ವೇಲಿ “ಲಕ್ಷಕ್ಕೆ ಎಷ್ಟು” ಅನ್ನೋ ಆಸೆ ಬಿಡಿ. ಅದಕ್ಕೆ ಸಾವಿರಾರು ಮನೆ ಬೇಕು. ನಿಮ್ಮ ಕೈಗೆ ಎಟುಕೋ ಪ್ರಶ್ನೆ ಬೇರೆ: ಕಚ್ಚಿಸ್ಕೊಂಡೋರು ಮೊದಲು ಎಲ್ಲಿಗೆ ಹೋದ್ರು, ಎರಡನೇದು ಎಲ್ಲಿಗೆ, ಮೊದಲ ಬಾಟಲಿ ಔಷಧಿ ಮೈಗೆ ಹೋಗೋಕೆ ಎಷ್ಟು ಗಂಟೆ ಆಯ್ತು. ಇಪ್ಪತ್ತೈದು ಮೂವತ್ತು ಜನರ ದಾರಿ ಸರಿಯಾಗಿ ಬರೆದ್ರೆ ಸಾಕು.

ದೊಡ್ಡ ಲೆಕ್ಕ ಬೇಕಿದ್ರೆ ಅದನ್ನ ಮಾಡಿರೋರಿದ್ದಾರೆ. ದೇಶಾದ್ಯಂತ ಸಾವಿನ ಕಾರಣ ಹುಡುಕಿದ ಮಿಲಿಯನ್ ಡೆತ್ ಸ್ಟಡಿಯವರು ಸತ್ತವರ ಮನೆಗೇ ಹೋಗಿ ಏನಾಯ್ತು ಅಂತ ಕೇಳಿ ಬರ್ಕೊಂಡು, ಆ ಬರಹವನ್ನ ಇಬ್ಬರು ಡಾಕ್ಟರಿಂದ ಬೇರೆಬೇರೆಯಾಗಿ ಓದಿಸಿ ಕಾರಣ ಗುರುತಿಸಿದ್ರು. 2005ರ ಒಂದು ವರ್ಷಕ್ಕೆ ಸುಮಾರು 46,000 ಹಾವು ಕಡಿತದ ಸಾವು ಅಂತ ಬಂತು, ನೂರಕ್ಕೆ 97 ಹಳ್ಳಿಗಳಲ್ಲಿ. ಅವುಗಳಲ್ಲಿ ಬಹುಪಾಲು ಆಸ್ಪತ್ರೆ ಹೊರಗೆ ಆದ ಸಾವು. 2000ದಿಂದ 2019ರವರೆಗಿನ ಲೆಕ್ಕ 2020ರಲ್ಲಿ ಬಂದಾಗ ಒಟ್ಟು 12 ಲಕ್ಷ, ವರ್ಷಕ್ಕೆ ಸರಾಸರಿ 58,000. ಆಸ್ಪತ್ರೆ ರಿಜಿಸ್ಟರನ್ನ ಮಾತ್ರ ನಂಬಿ ಕೂತಿದ್ರೆ ಇದರ ಒಂದು ಚೂರಷ್ಟೇ ಕಾಣ್ತಿತ್ತು. ಅಲ್ಲೂ ಗೆದ್ದಿದ್ದು ಮನೆ ಬಾಗಿಲಲ್ಲಿ ಕೂತು ಕೇಳೋ ಕೆಲಸವೇ.

ಉತ್ತರ: ಮನೆ ಹಿಂದೆ ಹುತ್ತ

ಸರ್ ನಮ್ಮ ಸೈಟ್ ಪಕ್ಕ ಹುತ್ತ ಇದೆ, ಮೈಸೂರಲ್ಲಿ ಹಾವು ಹಿಡಿಯೋರ ನಂಬರ್ ಇದ್ರೆ ಕಳಿಸಿ.

ಉತ್ತರ: ಹಳೇ ಹೆಲ್ತ್ ಇನ್ಸ್‌ಪೆಕ್ಟರ್

ಇದು ಆ ಚರ್ಚೆ ಅಲ್ಲ ಮಾರಾಯ್ರೆ. ಹುತ್ತ ಇದ್ಕೊಂಡಿರಲಿ. ರಾತ್ರಿ ಆಚೆ ಹೋಗುವಾಗ ಬ್ಯಾಟರಿ ಹಿಡ್ಕೊಂಡು ಹೋಗಿ.

ಉತ್ತರ: ಕಬ್ಬಿನ ಬುಡ

ಮೇಡಂ, ನಾನು ಓದಿದೋನಲ್ಲ, ಪಿಯುಸಿ ಫೇಲು. ಆದ್ರೆ ನಿಮ್ಮ ಫಾರಂಗೆ ಒಂದು ವಿಷಯ ಹೇಳ್ಬೇಕು ಅನ್ನಿಸ್ತು.

ನಮ್ಮಪ್ಪನಿಗೆ ಕೊಳಕುಮಂಡಲ. ಕಬ್ಬಿನ ತರಗು ಬಿಡಿಸೋವಾಗ ಬಲಗೈ ಹೆಬ್ಬೆಟ್ಟಿಗೆ. ತರಗು ಬಣ್ಣನೂ ಅದರ ಬಣ್ಣನೂ ಒಂದೇ, ಕುಕ್ಕರ್ ಸೀಟಿ ಹಾಕಿದಂಗೆ ಬುಸುಗುಟ್ಟಿದ ಮೇಲೇ ಗೊತ್ತಾಗಿದ್ದು. ನಾನು ಟವೆಲ್ ಹರಿದು ಮುಂಗೈಗೆ ಬಿಗಿಯಾಗಿ ಕಟ್ದೆ. (ಕಟ್ಟಬಾರದು ಅಂತ ಈಗ ಗೊತ್ತು, ಆವಾಗ ಗೊತ್ತಿರಲಿಲ್ಲ, ಬೈಬೇಡಿ.) ಮೊದಲು ಹೋಗಿದ್ದು ಬೇರು ಅರೆದು ಕುಡಿಸೋರ ಹತ್ರ. ಎಲ್ಲರೂ ನಮ್ಮನ್ನ ಮೂಢರು ಅಂತಾರೆ. ಅವರ ಮನೆ ಎರಡು ಗದ್ದೆ ಆಚೆ, ರಾತ್ರಿ ಎಂಟು ಗಂಟೇಲೂ ಬಾಗಿಲು ತೆಗೀತಾರೆ, ದುಡ್ಡು ಕೇಳಲ್ಲ. ಆಮೇಲೆ ಒಂದು ಆಸ್ಪತ್ರೆಗೆ ಹೋದ್ವಿ, ಔಷಧಿ ಸ್ಟಾಕ್ ಇಲ್ಲ ಅಂದ್ರು. ಅಲ್ಲಿಂದ ಇನ್ನೊಂದು. ಅಲ್ಲಿ ಸೂಜಿ ಚುಚ್ಚಿದ ಜಾಗದಿಂದ ರಕ್ತ ನಿಲ್ತಾನೇ ಇರಲಿಲ್ಲ, ಹತ್ತಿ ಬದಲಾಯಿಸಿ ಬದಲಾಯಿಸಿ ನನ್ನ ಕೈಯೆಲ್ಲ ಕೆಂಪು. ಒಸಡಲ್ಲೂ ಬಂತು.

ಔಷಧಿ ಕೊಟ್ರು, ಉಳ್ಕೊಂಡ್ರು. ಊರಿನ ಲೆಕ್ಕದಲ್ಲಿ ಕತೆ ಅಲ್ಲಿಗೆ ಮುಗೀತು. ನಮಗೆ ಮುಗೀಲಿಲ್ಲ. ಮೂತ್ರ ನಿಂತು ಕಿಡ್ನಿಗೆ ಹೊಡೆದಿತ್ತು, ವಾರಕ್ಕೆರಡು ಸಲ ಡಯಾಲಿಸಿಸ್ ಅಂತ ತಿಂಗಳುಗಟ್ಟಲೆ ಓಡಾಡಿದ್ವಿ. ಒಂದು ಎಮ್ಮೆ, ಎಳಗರು, ಅಮ್ಮನ ಸರ ಹೋಯ್ತು. ಹೆಬ್ಬೆಟ್ಟು ಒಂದು ಗಿಣ್ಣು ಕಮ್ಮಿ. ಈಗ ಕುಡುಗೋಲು ಹಿಡಿಯೋಕಾಗಲ್ಲ, ರೇಷನ್ ಅಂಗಡೀಲಿ ಬೆರಳಚ್ಚು ತಗೊಳ್ಳಲ್ಲ.

ಒಬ್ಬರು ಕಾಲೇಜು ಹುಡುಗರು ಬಂದು ಕೇಳಿದ್ರು: ಕಚ್ಚಿತಾ, ಹೌದು, ಬದುಕಿದ್ರಾ, ಹೌದು. ಟಿಕ್, ಟಿಕ್, ಹೊರಟೇಹೋದ್ರು. ನಿಮ್ಮ ಏಳು ಹಾಳೇಲಿ ಆಮೇಲೆ ಏನಾಯ್ತು ಅಂತ ಕೇಳೋಕೆ ಜಾಗ ಇದೆಯಾ?

ಇನ್ನೊಂದು. ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟ್ ರಾತ್ರಿ ಕೊಡ್ತಾರೆ. ನೀರು ಕಟ್ಟೋಕೆ ರಾತ್ರೀನೇ ಹೋಗ್ಬೇಕು. ಆ ಕಾಲಂ ಹಾಕಿ: ಕಚ್ಚಿದಾಗ ಯಾವ ಕೆಲಸಕ್ಕೆ ಹೋಗಿದ್ರು, ಯಾಕೆ ಆ ಹೊತ್ತಲ್ಲಿ ಹೋಗಿದ್ರು ಅಂತ.

ಉತ್ತರ: ಇಪ್ಪತ್ತು ನಿಮಿಷ

ಕಬ್ಬಿನ ಬುಡ ಅವರೇ, ಓದಿ ಸಂಕಟ ಆಯ್ತು. ಕಟ್ಟಿದ್ದಕ್ಕೆ ನಿಮ್ಮನ್ನ ಯಾರೂ ಬೈಯಲ್ಲ. ಬೇರೆಯವರು ಓದಲಿ ಅಂತ ಹೇಳ್ತೀನಿ: ಕಟ್ಟೋದು, ಕುಯ್ಯೋದು, ಬಾಯಲ್ಲಿ ಹೀರೋದು ಮೂರೂ ಬೇಡ. ಉಂಗುರ, ಬಳೆ, ಉಡಿದಾರ ತೆಗೀರಿ. ಕೈಕಾಲು ಅಲ್ಲಾಡದ ಹಾಗೆ ಪಟ್ಟಿಯೋ ಕೋಲೋ ಇಟ್ಟು ಸಡಿಲವಾಗಿ ಸುತ್ತಿ, ನಡೆಸದೆ ಕರ್ಕೊಂಡು ಬನ್ನಿ. ಹಾವನ್ನ ಹೊಡೆದು ಕವರಲ್ಲಿ ಹಾಕ್ಕೊಂಡು ಬರೋದೂ ಬೇಡ. ನಮ್ಮಲ್ಲಿರೋ ಹಾವಿನ ವಿಷದ ಔಷಧಿ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಸೇರಿ ಮಾಡಿದ್ದು. ಯಾವ ಹಾವು ಅಂತ ಹುಡುಕ್ತಾ ಕೂರೋ ಅಗತ್ಯ ಇಲ್ಲ.

ಈಗ ಮೇಡಂಗೆ. ನಾನು ತಾಲ್ಲೂಕು ಮಟ್ಟದ ಲ್ಯಾಬಲ್ಲಿ ಟೆಕ್ನಿಷಿಯನ್ ಆಗಿದ್ದೋನು. ಮಂಡಲ ಕಚ್ಚಿದ್ರೆ ರಕ್ತ ಹೆಪ್ಪುಗಟ್ಟಲ್ಲ. ಅದನ್ನ ನೋಡೋಕೆ ದೊಡ್ಡ ಮಷೀನ್ ಬೇಡ. ಹೊಸ, ಒಣಗಿದ, ಚೊಕ್ಕ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ 20 ನಿಮಿಷ ಮುಟ್ಟದೆ ಬಿಡಬೇಕು. ಆಮೇಲೆ ಒಂದೇ ಸಲ ಬಗ್ಗಿಸಬೇಕು. ನೀರಿನ ಹಾಗೆ ಹರಿದ್ರೆ ವಿಷ ಏರಿದೆ. ಇಷ್ಟೇ. ಬಡವರ ಆಸ್ಪತ್ರೆಗೆ ಇದಕ್ಕಿಂತ ಒಳ್ಳೇ ಟೆಸ್ಟ್ ಇಲ್ಲ, ಆದ್ರೆ ಕೆಡಿಸೋದೂ ಅಷ್ಟೇ ಸುಲಭ. ರಕ್ತ ಹೆಪ್ಪುಗಟ್ಟೋಕೆ ಗಾಜಿನ ಮೈ ಕಿಚ್ಚು ಹಚ್ಚುತ್ತೆ. ಪ್ಲಾಸ್ಟಿಕ್ ಟ್ಯೂಬಲ್ಲಿ ಆ ಕೆಲಸ ಆಗಲ್ಲ. ಸೋಪಿನ ಪುಡೀಲಿ ತೊಳೆದ ಗಾಜೂ ಅಷ್ಟೆ, ಒಳ್ಳೇ ರಕ್ತನೂ ನೀರಾಗೇ ಕೂರುತ್ತೆ, ವಿಷ ಇಲ್ಲದೋನಿಗೆ ಹತ್ತು ವೈಲ್ (ಬಾಟಲಿ) ಔಷಧಿ ಹೋಗುತ್ತೆ. ಒಂದು ಕಾಲದಲ್ಲಿ ನಮ್ಮಲ್ಲಿ ಗಾಜಿನ ಟ್ಯೂಬ್ ಸಪ್ಲೈ ನಿಂತು, ಇದ್ದ ಮೂರನ್ನೇ ಆಯಮ್ಮ ತೊಳೆದು ತೊಳೆದು ಇಡ್ತಿದ್ರು. ಪಳಪಳ ಹೊಳೀತಿತ್ತು. ವಾರದಲ್ಲಿ ಬಂದೋರೆಲ್ಲರ ರಕ್ತನೂ ಹೆಪ್ಪುಗಟ್ಟಲ್ಲ ಅಂತ ಬಂದಾಗ ಅನುಮಾನ ಬಂತು, ನನ್ನ ತೋಳಿಂದಲೇ 2 ಎಂಎಲ್ ತೆಗೆದು ಹಾಕಿ ಕೂತೆ. ಇಪ್ಪತ್ತು ನಿಮಿಷ ಆದ್ಮೇಲೆ ಬಗ್ಗಿಸಿದ್ರೆ ನನ್ನ ರಕ್ತನೂ ಹರಿದು ಬಂತು. ಟ್ಯೂಬ್ ಪ್ರಕಾರ ನನಗೂ ಮಂಡಲ ಕಚ್ಚಿತ್ತು. ಅವತ್ತಿಂದ ಹೊಸ ಗಾಜು ಬರೋತನಕ ನನ್ನ ಜೇಬಿಂದ ತಂದಿಟ್ಟೆ. ಜೊತೆಗೆ ಬಂದ ನೆಂಟರಲ್ಲಿ ಒಬ್ಬರ ರಕ್ತ ಪಕ್ಕದ ಟ್ಯೂಬಲ್ಲಿ ಇಟ್ಟು ಹೋಲಿಸೋದೂ ರೂಢಿ ಮಾಡ್ಕೊಂಡೆ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ನೀವು ಮುಂದೆ ಆಸ್ಪತ್ರೆ ದಾಖಲೆ ನೋಡೋಕೆ ಹೋಗ್ತೀರಿ. ಕ್ಯಾಶುವಾಲ್ಟಿ ರಿಜಿಸ್ಟರಲ್ಲಿ ಹಾವು ಹುಡುಕಬೇಡಿ. ರೋಗಿ ಹಾವು ಕಣ್ಣಾರೆ ನೋಡಿಲ್ಲ ಅಂದ್ರೆ ಅಲ್ಲಿ “ಅನ್‌ನೋನ್ ಬೈಟ್” ಅಂತಿರುತ್ತೆ. ಎಎಸ್‌ವಿ ಸ್ಟಾಕ್ ರಿಜಿಸ್ಟರ್ ನೋಡಿ. ಒಂದೊಂದು ವೈಲ್‌ಗೂ ಲೆಕ್ಕ ಕೊಡಬೇಕಾದ್ದರಿಂದ ತಾರೀಕು, ಐಪಿ (ಒಳರೋಗಿ) ನಂಬರ್, ಎಷ್ಟು ವೈಲ್ ಎಲ್ಲ ಇರುತ್ತೆ. ವೈದ್ಯಾಧಿಕಾರಿಗಳ ಲಿಖಿತ ಅನುಮತಿ ತಗೊಳ್ಳಿ, ಹೆಸರು ಬರ್ಕೋಬೇಡಿ, ನಂಬರ್ ಸಾಕು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಮಾಡಿದೆ, ಹಾಗಾಗಿ ಅಲ್ಲಿಂದೀಚಿನ ಲೆಕ್ಕ ಏರಿದ್ರೆ ಹಾವು ಜಾಸ್ತಿ ಆದ್ವು ಅಂತ ಬರೆದುಬಿಡಬೇಡಿ.

ಉತ್ತರ: ಗಂಗೋತ್ರಿ ಹಳಬ

ಕಬ್ಬಿನ ಬುಡ ಅವರ ಹೆಬ್ಬೆಟ್ಟಿನ ವಿಷಯಕ್ಕೆ ಒಂದು ಮಾತು. ಎಎಸ್‌ವಿ ರಕ್ತದಲ್ಲಿ ಓಡಾಡ್ತಿರೋ ವಿಷ ಹಿಡಿಯುತ್ತೆ, ಕಚ್ಚಿದ ಜಾಗದ ಮಾಂಸ ಕೊಳೆಯೋದನ್ನ ಅಷ್ಟಾಗಿ ತಡೆಯಲ್ಲ. ಇದರ ಮೇಲೆ ನಮ್ಮ ಮಾನಸಗಂಗೋತ್ರಿಯಲ್ಲೇ ಕೆಲಸ ಆಗಿದೆ. ಗರಗಸ ಮಂಡಲದ ವಿಷ ಹೋದ ಜಾಗಕ್ಕೆ ನಮ್ಮದೇ ಬಿಳಿರಕ್ತಕಣಗಳು ಬಂದು ತಮ್ಮ ಡಿಎನ್‌ಎಯನ್ನೇ ಬಲೆ ಥರ ಎಸೆದು ವಿಷವನ್ನ ಅಲ್ಲೇ ಸಿಕ್ಕಿಸಿಬಿಡ್ತವೆ, ಅಲ್ಲೇ ನಿಂತ ವಿಷ ಮಾಂಸ ತಿನ್ನುತ್ತೆ ಅಂತ ಮೈಸೂರು ವಿಶ್ವವಿದ್ಯಾನಿಲಯದ ತಂಡ 2016ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೇಲಿ ತೋರಿಸ್ತು. ಆ ಬಲೆ ಕರಗಿಸೋ ಕಿಣ್ವ ಕೊಟ್ರೆ ಇಲಿಗಳಲ್ಲಿ ಹಾನಿ ಕಮ್ಮಿ ಆಯ್ತು. ಇಲಿಯಿಂದ ಮನುಷ್ಯರ ತನಕ ದೂರ ಇದೆ.

ಲ್ಯಾಬಲ್ಲಿ ಕೂತವರಿಗೆ ಒಂದು ಗೊತ್ತಾಗಲ್ಲ: ಕಚ್ಚಿ ಆರು ತಿಂಗಳಾದ ಮೇಲೆ ಆ ಕೈ ಹೇಗಿದೆ ಅಂತ. ಅದನ್ನ ಬರೆದು ತಂದುಕೊಡೋರು ನಿಮ್ಮಂಥೋರೇ. ಆ ಕಾಲಂ ಖಂಡಿತ ಹಾಕಿ.

ಉತ್ತರ: ನಾಲೆಬಯಲಿನ ನರ್ಸ್

ಎಲ್ಲರಿಗೂ ತಡವಾಗಿ ನಮಸ್ಕಾರ. ಮಧ್ಯೆ ಪಲ್ಸ್ ಪೋಲಿಯೋ, ಆಮೇಲೆ ಪರೀಕ್ಷೆ.

ಇಲ್ಲಿನ ಉತ್ತರ ಎಲ್ಲ ಪ್ರಿಂಟ್ ತೆಗೆದು ಗೈಡ್ ಹತ್ರ ಹೋದೆ. (ಜೆರಾಕ್ಸ್ ಅಂಗಡಿಯವನಿಗೆ ಮತ್ತೆ ಲಾಭ.) ಮೇಷ್ಟ್ರು ಹೇಳಿಕೊಟ್ಟ ಹಾಗೆ ಯಾವ ಊರಲ್ಲಿ ವ್ಯಾಲಿಡೇಟ್ ಆಗಿದ್ದು ಸರ್ ಅಂದೆ. ಸ್ವಲ್ಪ ಹೊತ್ತು ಕನ್ನಡಕ ಒರೆಸಿದ್ರು. ಆಮೇಲೆ ಅವರೇ ತಿದ್ದುಪಡಿ ಅರ್ಜಿ ಡ್ರಾಫ್ಟ್ ಮಾಡಿಕೊಟ್ರು, ಅದನ್ನ ಹೇಳ್ಲೇಬೇಕು. ಕಮಿಟಿ ಒಪ್ತು. ಎಂಟು ಹಾಳೆ ಐದಕ್ಕೆ ಇಳೀತು.

ಈಗ ಮೊದಲನೇ ಪ್ರಶ್ನೆ: “ಹೋದ ಸಂಕ್ರಾಂತಿಯಿಂದ ಈಚೆಗೆ ಮನೇಲಿ ಯಾರಿಗಾದ್ರೂ ಹಾವು, ಹುಳ ಏನಾದ್ರೂ ಮುಟ್ಟಿತ್ತಾ, ಕಚ್ಚಿತ್ತಾ, ಕಚ್ಚಿರಬಹುದು ಅಂತ ಅನುಮಾನ ಬಂದಿತ್ತಾ? ಯಾವ ಜಾತಿದಾದ್ರೂ ಸರಿ.” ಹರಕೆ ಪ್ರಶ್ನೆ ಎರಡನೇದು. ಕೊನೇ ಹಾಳೆ ಪೂರ್ತಿ ಕಬ್ಬಿನ ಬುಡ ಅಣ್ಣನದು: ಆಮೇಲೆ ಏನಾಯ್ತು, ಏನು ಮಾರಿದ್ರಿ, ಈಗ ಯಾವ ಕೆಲಸ ಮಾಡೋಕಾಗಲ್ಲ. ಅಣ್ಣ, ಬೆರಳಚ್ಚಿನ ವಿಷಯನೂ ಹಾಕಿದ್ದೀನಿ.

64 ಮನೆಗೂ ವಾಪಸ್ ಹೋಗ್ತಿದ್ದೀನಿ, ಅರ್ಧ ಮುಗಿದಿದೆ. ಲೆಕ್ಕ ಈಗ ಹೇಳಲ್ಲ, ಮೇಷ್ಟ್ರು ಬೈತಾರೆ. ಆದ್ರೆ ಆ ಅವರೆಕಾಯಿ ಅವ್ವನ ಮನೆ ವಿಷಯ ಹೇಳದೆ ಇರೋಕಾಗ್ತಿಲ್ಲ. ಹೋದ ಭಾನುವಾರ ಬೆಳಿಗ್ಗೆ ಹೋದೆ. ಸೊಸೆ ಸಿಕ್ಕಿದ್ರು, ಹಿಮ್ಮಡಿ ಮೇಲೆ ಸುಟ್ಟ ಗಾಯದ ಥರ ಗುರುತು ತೋರಿಸಿದ್ರು, ಎಲ್ಲಾ ಹೇಳಿದ್ರು. ಆಸ್ಪತ್ರೇಲಿ ನಾಲ್ಕು ದಿನ ಇದ್ದರಂತೆ, ಚೀಟಿನೂ ಇಟ್ಟಿದ್ದಾರೆ. ಆ ಮಗ ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದ. ಚೀಟಿ ಬೇರೆ ಇದೆ, ಅವತ್ತು ಯಾಕಣ್ಣ ಇಲ್ಲ ಅಂದ್ರಿ ಅಂತ ಕೇಳ್ದೆ. ನಾಚಿಕೆಗೋ, ಯಾವುದೋ ಭಯಕ್ಕೋ ಮುಚ್ಚಿಟ್ಟಿರಬೇಕು ಅಂತ ನಾನು ಅಂದ್ಕೊಂಡಿದ್ದೆ.

ಅವನು ನನ್ನನ್ನೇ ದಡ್ಡಿ ಥರ ನೋಡ್ದ. “ನೀವು ಸರ್ಪ ಕಚ್ಚಿದ್ಯಾ ಅಂತ ತಾನೆ ಮೇಡಂ ಕೇಳಿದ್ದು? ಸರ್ಪ ಅಂದ್ರೆ ನಾಗರಹಾವು. ಇವ್ಳಿಗೆ ಮುಟ್ಟಿದ್ದು ಮಂಡಲ.”